ಎಂಜಿನಿಯರಿಂಗ್ ಶಿಕ್ಷಣದಲ್ಲಿ ಪ್ರಯೋಗಾಲಯ ಬೋಧನೆಯ ಮಾನದಂಡಗಳು

ಎಂಜಿನಿಯರಿಂಗ್ ಪದವಿ ತರಗತಿಗಳಲ್ಲಿ ಪ್ರಯೋಗಗಳನ್ನು ಯಾವ ಗುರಿಯಿಂದ, ಯಾವ ಕ್ರಮದಲ್ಲಿ, ಎಷ್ಟು ಸುರಕ್ಷತೆಯೊಡನೆ ಕಲಿಸಬೇಕು ಮತ್ತು ಕಲಿತದ್ದನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಗೊತ್ತುಪಡಿಸುವ ನಿಯಮಗಳು. ಇವು ಮುಖ್ಯವಾಗಿ ಮೂರು ಕಡೆಯಿಂದ ಬರುತ್ತವೆ: ಪದವಿಗೆ ಮಾನ್ಯತೆ ಕೊಡುವ ಸಂಸ್ಥೆಗಳ ನಿಯಮಾವಳಿ, ವಿಶ್ವವಿದ್ಯಾಲಯಗಳ ಪಠ್ಯಕ್ರಮ, ಕೈಗಾರಿಕೆ ಮತ್ತು ನಿರ್ಮಾಣ ಕ್ಷೇತ್ರಗಳ ಪರೀಕ್ಷಾ ಸಂಹಿತೆಗಳು. ಲ್ಯಾಬಿನ ಅಳತೆ, ಯಂತ್ರಗಳ ಪಟ್ಟಿ, ಒಂದು ಬ್ಯಾಚಿನಲ್ಲಿ ಎಷ್ಟು ಮಂದಿ ಎಂಬಂಥವನ್ನು ಎಣಿಸಿ ನೋಡುವುದು ಸುಲಭ. ತನ್ನ ಮುಂದಿರುವ ಅಳತೆಯನ್ನು ನಂಬಬಹುದೇ, ಎಷ್ಟರ ಮಟ್ಟಿಗೆ ನಂಬಬಹುದು ಎಂದು ವಿದ್ಯಾರ್ಥಿ ತಾನೇ ತೀರ್ಮಾನಿಸಲು ಕಲಿತಿದ್ದಾರೆಯೇ ಎಂಬುದನ್ನು ತಿಳಿಯುವುದು ಕಷ್ಟ. ಒಳ್ಳೆಯ ಮಾನದಂಡದ ಬೆಲೆ ಇರುವುದು ಈ ಎರಡನೆಯದನ್ನು ಅದು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದರಲ್ಲಿ.

ಚರಿತ್ರೆ

ಎಂಜಿನಿಯರಿಂಗ್ ಮೊದಲಿಗೆ ಕೆಲಸದ ಜಾಗದಲ್ಲೇ ಕಲಿಯುತ್ತಿದ್ದ ವಿದ್ಯೆ. 1794ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಎಕೋಲ್ ಪಾಲಿಟೆಕ್ನಿಕ್ ಗಣಿತ, ವಿಜ್ಞಾನಗಳ ಅಡಿಪಾಯದ ಮೇಲೆ ಎಂಜಿನಿಯರುಗಳನ್ನು ತಯಾರು ಮಾಡುವ ಪದ್ಧತಿಗೆ ದಾರಿ ಹಾಕಿತು. 19ನೇ ಶತಮಾನದ ಉತ್ತರಾರ್ಧದಲ್ಲಿ ಪ್ರಯೋಗಾಲಯ ಎಂಜಿನಿಯರಿಂಗ್ ಕಾಲೇಜಿನ ಖಾಯಂ ಅಂಗವಾಯಿತು. ಅಮೆರಿಕದ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಲ್ಲಿ ರಾಬರ್ಟ್ ಥರ್ಸ್ಟನ್ 1870ರ ದಶಕದಲ್ಲಿ ಮೆಕ್ಯಾನಿಕಲ್ ಪ್ರಯೋಗಾಲಯ ಕಟ್ಟಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಲೆಕ್ಸಾಂಡರ್ ಕೆನಡಿ 1878ರಲ್ಲಿ ಎಂಜಿನಿಯರಿಂಗ್ ಪ್ರಯೋಗಾಲಯ ತೆರೆದರು. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಮಾಸ್ಕೋದ ಇಂಪೀರಿಯಲ್ ಟೆಕ್ನಿಕಲ್ ಶಾಲೆಯವರು ತಮ್ಮ ವರ್ಕ್‌ಶಾಪ್ ಶಿಕ್ಷಣಕ್ರಮವನ್ನು ತೋರಿಸಿದರು. ಕೈಕೆಲಸವನ್ನು ಸಣ್ಣ ಸಣ್ಣ ಅಭ್ಯಾಸಗಳಾಗಿ ಬಿಡಿಸಿ ಸುಲಭದಿಂದ ಕಷ್ಟಕ್ಕೆ ಏರಿಸುವ ಆ ಕ್ರಮ ಅಮೆರಿಕದ ಕಾಲೇಜುಗಳ ಮೇಲೆ ಆಳವಾದ ಪ್ರಭಾವ ಬೀರಿತು.

ಎರಡನೆಯ ಮಹಾಯುದ್ಧದ ನಂತರ ಗಾಳಿ ಬೇರೆ ಕಡೆಗೆ ಬೀಸಿತು. ಅಮೆರಿಕದಲ್ಲಿ 1955ರಲ್ಲಿ ಬಂದ ಗ್ರಿಂಟರ್ ವರದಿ ಎಂಜಿನಿಯರಿಂಗ್ ವಿಜ್ಞಾನಕ್ಕೆ ಹೆಚ್ಚು ಒತ್ತು ಕೊಡಬೇಕೆಂದಿತು. ಸಿದ್ಧಾಂತದ ಪಾಠ ಬೆಳೆದಂತೆ ಪ್ರಯೋಗಕ್ಕೆ ಸಿಗುವ ಹೊತ್ತು ಕುಗ್ಗಿತು. ಲ್ಯಾಬ್ ಬೇಕೇ ಬೇಕು ಎಂದು ಎಲ್ಲರೂ ಹೇಳುತ್ತಿದ್ದರೂ ಅದು ಏನನ್ನು ಕಲಿಸಬೇಕು ಎಂಬುದನ್ನು ಯಾರೂ ಒಪ್ಪಿತ ರೂಪದಲ್ಲಿ ಬರೆದಿಟ್ಟಿರಲಿಲ್ಲ.

ಹದಿಮೂರು ಗುರಿಗಳು

ಈ ಕೊರತೆ ನೀಗಿಸುವ ಪ್ರಯತ್ನ 2002ರ ಜನವರಿಯಲ್ಲಿ ಸ್ಯಾನ್ ಡಿಯೇಗೋದಲ್ಲಿ ನಡೆಯಿತು. ಅಮೆರಿಕದ ಮಾನ್ಯತಾ ಸಂಸ್ಥೆ ಎಬೆಟ್, ಸ್ಲೋನ್ ಪ್ರತಿಷ್ಠಾನದ ನೆರವಿನಿಂದ ಎಂಜಿನಿಯರಿಂಗ್ ಅಧ್ಯಾಪಕರನ್ನು ಒಂದೆಡೆ ಸೇರಿಸಿತು. ಅಲ್ಲಿ ರೂಪುಗೊಂಡ ಹದಿಮೂರು ಗುರಿಗಳನ್ನು ಲೈಲ್ ಫೈಸೆಲ್ ಮತ್ತು ಆಲ್ಬರ್ಟ್ ರೋಸಾ 2005ರ ತಮ್ಮ ಲೇಖನದಲ್ಲಿ ವಿವರಿಸಿದರು. ಆ ಗುರಿಗಳು ಇವು: ಸೂಕ್ತ ಉಪಕರಣದ ಬಳಕೆ, ಸೈದ್ಧಾಂತಿಕ ಮಾದರಿಯ ಮಿತಿಗಳನ್ನು ಗುರುತಿಸುವುದು, ಪ್ರಯೋಗವನ್ನು ಯೋಜಿಸಿ ನಡೆಸುವುದು, ದತ್ತಾಂಶ ವಿಶ್ಲೇಷಣೆ, ವಿನ್ಯಾಸ, ಸೋಲಿನಿಂದ ಕಲಿಯುವುದು, ಸೃಜನಶೀಲತೆ, ಕೈಚಳಕ, ಸುರಕ್ಷತೆ, ಸಂವಹನ, ಕೂಡಿ ಕೆಲಸ ಮಾಡುವುದು, ಪ್ರಾಮಾಣಿಕತೆ, ಇಂದ್ರಿಯಗಳ ಎಚ್ಚರ.

ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೋಟಾರಿನ ಸದ್ದು ಬದಲಾದದ್ದು ಕಿವಿಗೆ ಬೀಳಬೇಕು, ಸುಡುತ್ತಿರುವ ವೈಂಡಿಂಗಿನ ವಾಸನೆ ಮೂಗಿಗೆ ತಟ್ಟಬೇಕು, ಬೇರಿಂಗ್ ಬಿಸಿಯಾದದ್ದು ಗಮನಕ್ಕೆ ಬರಬೇಕು. ಮೀಟರು ತೋರಿಸುವ ಮೊದಲೇ ಯಂತ್ರ ಇಂಥ ಸೂಚನೆ ಕೊಡುವುದುಂಟು. ಅದನ್ನು ಗ್ರಹಿಸುವುದನ್ನೂ ಕಲಿಕೆಯ ಗುರಿಯೆಂದು ಬರೆದದ್ದು ಈ ಪಟ್ಟಿಯ ಹಿರಿಮೆ. ಸೋಲಿನಿಂದ ಕಲಿಯುವುದನ್ನು ಸೇರಿಸಿದ್ದೂ ಅಷ್ಟೇ ಮುಖ್ಯ. ಕೆಟ್ಟ ಭಾಗ, ತಪ್ಪು ವೈರಿಂಗ್ ಅಥವಾ ತಪ್ಪು ಲೆಕ್ಕದಿಂದ ಬಂದ ವಿಫಲತೆಯನ್ನು ಪತ್ತೆಹಚ್ಚಿ ಸರಿಪಡಿಸುವುದು ಎಂಜಿನಿಯರರ ನಿತ್ಯದ ಕೆಲಸ.

ಅಂತಾರಾಷ್ಟ್ರೀಯ ನಿಯಮಗಳು

ಎಬೆಟ್ ನಿಯಮಗಳ ಪ್ರಕಾರ ಪದವೀಧರರು ತಕ್ಕ ಪ್ರಯೋಗವನ್ನು ರೂಪಿಸಿ ನಡೆಸಬೇಕು, ದತ್ತಾಂಶವನ್ನು ವಿಶ್ಲೇಷಿಸಿ ಅರ್ಥೈಸಬೇಕು, ಎಂಜಿನಿಯರಿಂಗ್ ವಿವೇಚನೆಯಿಂದ ತೀರ್ಮಾನಕ್ಕೆ ಬರಬೇಕು. 1989ರಲ್ಲಿ ಆರು ದೇಶಗಳ ಮಾನ್ಯತಾ ಸಂಸ್ಥೆಗಳು ಸಹಿ ಹಾಕಿದ ವಾಷಿಂಗ್ಟನ್ ಒಪ್ಪಂದ, ಸದಸ್ಯ ದೇಶಗಳ ಎಂಜಿನಿಯರಿಂಗ್ ಪದವಿಗಳು ಸಮಾನ ಮಟ್ಟದವು ಎಂದು ಪರಸ್ಪರ ಒಪ್ಪಿಕೊಳ್ಳುವ ವ್ಯವಸ್ಥೆ. ಪ್ರಯೋಗಗಳ ವಿನ್ಯಾಸ ಮತ್ತು ದತ್ತಾಂಶದ ವಿಶ್ಲೇಷಣೆ ಬಲ್ಲವರಾಗಿರುವುದು ಅದು ಪದವೀಧರರಲ್ಲಿ ನಿರೀಕ್ಷಿಸುವ ಗುಣಗಳಲ್ಲಿ ಒಂದು. ಬ್ರಿಟನ್ನಿನ ಎಂಜಿನಿಯರಿಂಗ್ ಕೌನ್ಸಿಲ್ ಕೂಡ ಪ್ರಯೋಗಾಲಯ ಮತ್ತು ವರ್ಕ್‌ಶಾಪ್ ಕೌಶಲಗಳನ್ನು ಪ್ರತ್ಯೇಕ ಫಲಿತಾಂಶವೆಂದು ಹೆಸರಿಸಿದೆ. ಈ ನಿಯಮಗಳಲ್ಲಿ ಯಾವುದೂ ಇಂತಿಂಥ ಹನ್ನೆರಡು ಪ್ರಯೋಗ ಮಾಡಿಸಿ ಎನ್ನುವುದಿಲ್ಲ. ವಿದ್ಯಾರ್ಥಿ ಕಡೆಗೆ ಏನು ಮಾಡಬಲ್ಲವರಾಗಬೇಕು ಎಂಬುದನ್ನು ಹೇಳಿ, ದಾರಿಯನ್ನು ಕಾಲೇಜಿಗೆ ಬಿಡುತ್ತವೆ.

ಪ್ರಯೋಗದ ಮಟ್ಟಗಳು

ಪ್ರಯೋಗದಲ್ಲಿ ಎಷ್ಟು ನಿರ್ಧಾರ ವಿದ್ಯಾರ್ಥಿಯ ಕೈಯಲ್ಲಿದೆ ಎಂಬುದನ್ನು ಅಳೆಯಲು ಮಾರ್ಷಲ್ ಹೆರನ್ 1971ರಲ್ಲಿ ಒಂದು ಮಾಪಕ ಕೊಟ್ಟರು. ಕೆಳಗಿನ ಮಟ್ಟದಲ್ಲಿ ಪ್ರಶ್ನೆ, ವಿಧಾನ, ಉತ್ತರ ಮೂರೂ ಮೊದಲೇ ಗೊತ್ತಿರುತ್ತವೆ. ಮುಂದಿನದರಲ್ಲಿ ಉತ್ತರವನ್ನು ಹುಡುಕಬೇಕು. ಅದರ ಮೇಲಿನದರಲ್ಲಿ ವಿಧಾನವನ್ನೂ ತಾವೇ ರೂಪಿಸಬೇಕು. ಎಲ್ಲಕ್ಕಿಂತ ಮೇಲಿನದರಲ್ಲಿ ಪ್ರಶ್ನೆಯೂ ವಿದ್ಯಾರ್ಥಿಯದೇ.

ಮ್ಯಾನ್ಯುಯಲ್ ನೋಡಿ ಕನೆಕ್ಷನ್ ಕೊಟ್ಟು, ಕೋಷ್ಟಕ ತುಂಬಿ, ಗ್ರಾಫ್ ಎಳೆದು ಸಹಿ ಹಾಕಿಸಿಕೊಳ್ಳುವ ಲ್ಯಾಬ್ ಕೆಳಗಿನ ಮಟ್ಟದ್ದು. ಉಪಕರಣ ಕೈಗೆ ಹೊಸದಾಗಿರುವ ಮೊದಲ ವಾರಗಳಲ್ಲಿ ಅದು ಬೇಕು. ನಾಲ್ಕು ವರ್ಷವೂ ಅಲ್ಲಿಯೇ ನಿಂತರೆ ಯೋಜಿಸುವ ಶಕ್ತಿ ಬೆಳೆಯುವುದಿಲ್ಲ. ನತಾಶಾ ಹೋಮ್ಸ್ ಮತ್ತು ಕಾರ್ಲ್ ವೀಮನ್ 2018ರಲ್ಲಿ ಪ್ರಕಟಿಸಿದ ಲೇಖನ ಈ ಎಚ್ಚರಿಕೆಗೆ ಪುರಾವೆ ಕೊಟ್ಟಿತು. ತರಗತಿಯ ಪಾಠವನ್ನು ಗಟ್ಟಿಮಾಡಲೆಂದೇ ರೂಪಿಸಿದ ಆರಂಭಿಕ ಭೌತಶಾಸ್ತ್ರದ ಲ್ಯಾಬ್‌ಗಳನ್ನು ಅವರು ಪರಿಶೀಲಿಸಿದ್ದರು. ಲ್ಯಾಬ್ ಮಾಡಿದವರಿಗೂ ಮಾಡದವರಿಗೂ ಆ ಪಾಠಗಳ ಪರೀಕ್ಷೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸೂತ್ರವನ್ನು ಮತ್ತೊಮ್ಮೆ ನಿಜವೆಂದು ತೋರಿಸುವ ಕೆಲಸಕ್ಕೆ ಲ್ಯಾಬನ್ನು ಮೀಸಲಿಡದೆ, ಪ್ರಯೋಗದಿಂದ ಮಾತ್ರ ಬರುವ ವಿವೇಚನೆಯನ್ನು ಅಲ್ಲಿ ಕಲಿಸಬೇಕು ಎಂಬುದು ಅವರ ವಾದ.

ಅಳತೆ ಮತ್ತು ಅನಿಶ್ಚಿತತೆ

ಎಲೆಕ್ಟ್ರಾನಿಕ್ಸ್ ಲ್ಯಾಬಿನ ಒಂದು ಸರಳ ಪ್ರಯೋಗ ಈ ವಿವೇಚನೆ ಎಂಥದ್ದೆಂದು ತೋರಿಸುತ್ತದೆ. 10 ವೋಲ್ಟ್ ಸಪ್ಲೈಗೆ ತಲಾ 1 ಮೆಗಾಓಮ್‌ನ ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಜೋಡಿಸಿದರೆ, ಸೂತ್ರದಂತೆ ಒಂದೊಂದರ ಮೇಲೂ 5 ವೋಲ್ಟ್ ಇರಬೇಕು. 10 ಮೆಗಾಓಮ್ ಒಳರೋಧದ ಡಿಜಿಟಲ್ ಮಲ್ಟಿಮೀಟರ್ ಇಟ್ಟು ನೋಡಿದರೆ ಸುಮಾರು 4.76 ಬರುತ್ತದೆ. 1 ಮೆಗಾಓಮ್ ಒಳರೋಧದ ಆಸಿಲೋಸ್ಕೋಪನ್ನು ನೇರವಾಗಿ ಜೋಡಿಸಿದರೆ 3.33ಕ್ಕೆ ಇಳಿಯುತ್ತದೆ.

ರೆಕಾರ್ಡಿನಲ್ಲಿ 5 ಎಂದು ಬರೆದು ಮುಂದೆ ಹೋದವರಿಗೆ ಇಲ್ಲಿ ಕಲಿಯಲು ಏನೂ ಉಳಿಯಲಿಲ್ಲ. 4.76 ಏಕೆ ಬಂತು ಎಂದು ಕೇಳಿದವರಿಗೆ ಎರಡು ಕಾರಣ ಹೊಳೆಯಬಹುದು. ಶೇ. 5 ಟಾಲರೆನ್ಸ್ ಇರುವ ರೆಸಿಸ್ಟರುಗಳು ಸಮವಾಗಿಲ್ಲದಿದ್ದರೂ ಅಷ್ಟು ವ್ಯತ್ಯಾಸ ಬರಬಹುದು. ಮೀಟರೇ ಸರ್ಕಿಟ್ಟಿನ ಭಾಗವಾಗಿ ವೋಲ್ಟೇಜನ್ನು ಕೆಳಗೆಳೆದಿದ್ದರೂ ಬರಬಹುದು. ಎರಡನೆಯ ರೆಸಿಸ್ಟರಿನ ಮೇಲೂ ಅಳೆದು ಕೂಡಿದರೆ ಗುಟ್ಟು ಬಯಲಾಗುತ್ತದೆ. ಟಾಲರೆನ್ಸ್ ಮಾತ್ರ ಕಾರಣವಾಗಿದ್ದರೆ ಮೊತ್ತ 10 ಆಗಬೇಕು. ಮೀಟರು ಕಾರಣವಾದಾಗ ಅದು 9.52ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೀಗೆ ಕಾರಣಗಳನ್ನು ಊಹಿಸಿ, ಒಂದರಿಂದ ಇನ್ನೊಂದನ್ನು ಬೇರ್ಪಡಿಸುವ ಅಳತೆಯನ್ನು ತಾವೇ ಯೋಚಿಸಿ ತೆಗೆಯುವುದೇ ಪ್ರಯೋಗವಿದ್ಯೆ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ.

ಅಳತೆಯ ಜೊತೆಗೆ ಅನಿಶ್ಚಿತತೆಯನ್ನೂ ಹೇಳಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. ಇದರ ಮಾರ್ಗದರ್ಶಿಯನ್ನು ಐಎಸ್‌ಒ 1993ರಲ್ಲಿ ಪ್ರಕಟಿಸಿತು. ಪರೀಕ್ಷಾ ಮತ್ತು ಕ್ಯಾಲಿಬ್ರೇಷನ್ ಪ್ರಯೋಗಾಲಯಗಳಿಗೆ ಐಎಸ್‌ಒ/ಐಇಸಿ 17025 ಅನ್ವಯಿಸುತ್ತದೆ. ಕಾಲೇಜು ಲ್ಯಾಬ್‌ಗಳಿಗೆ ಅದು ಕಡ್ಡಾಯವಲ್ಲವಾದರೂ, ಉಪಕರಣಕ್ಕೆ ಕ್ಯಾಲಿಬ್ರೇಷನ್ ಯಾವಾಗ ಆಯಿತು, ಅದರ ಕನಿಷ್ಠ ಅಳತೆ ಎಷ್ಟು ಎಂಬ ಪ್ರಶ್ನೆಗಳು ಎರಡೂ ಕಡೆ ಒಂದೇ.

ಪರೀಕ್ಷಾ ಸಂಹಿತೆಯ ಶಿಸ್ತು

ಹೊಸ ವಿಧಾನ ಹುಡುಕುವುದು ಎಷ್ಟು ಮುಖ್ಯವೋ, ಒಪ್ಪಿತ ವಿಧಾನವನ್ನು ಚಾಚೂ ತಪ್ಪದೆ ಪಾಲಿಸುವುದೂ ಕೆಲವು ಕಡೆ ಅಷ್ಟೇ ಮುಖ್ಯ. ಸಿವಿಲ್ ವಿಭಾಗದ ಕಾಂಕ್ರೀಟ್ ಲ್ಯಾಬ್ ಇದಕ್ಕೆ ಉದಾಹರಣೆ. ಭಾರತೀಯ ಮಾನಕ ಐಎಸ್ 516ರ 1959ರ ಆವೃತ್ತಿಯಂತೆ 150 ಮಿ.ಮೀ. ಅಚ್ಚಿಗೆ ಕಾಂಕ್ರೀಟನ್ನು ಸುಮಾರು 5 ಸೆಂ.ಮೀ. ಪದರಗಳಲ್ಲಿ ಹಾಕಬೇಕು. ಕೈಯಿಂದ ಕುಟ್ಟುವುದಾದರೆ 16 ಮಿ.ಮೀ. ದಪ್ಪದ ಕಬ್ಬಿಣದ ಸರಳಿನಿಂದ ಪ್ರತಿ ಪದರಕ್ಕೆ ಕನಿಷ್ಠ 35 ಏಟು ಹಾಕಬೇಕು. ಮರುದಿನ ಅಚ್ಚು ಬಿಚ್ಚಿ ನೀರಿನಲ್ಲಿ ಮುಳುಗಿಸಿ 28 ದಿನ ಕ್ಯೂರಿಂಗ್ ಮಾಡಬೇಕು. ಪರೀಕ್ಷೆಯಂದು, ಹಾಕುವಾಗ ಮೇಲಿದ್ದ ಒರಟು ಮುಖ ಪಕ್ಕಕ್ಕೆ ಬರುವಂತೆ ಕ್ಯೂಬನ್ನು ಯಂತ್ರದಲ್ಲಿಟ್ಟು, ನಿಮಿಷಕ್ಕೆ 14 ನ್ಯೂಟನ್/ಚದರ ಮಿ.ಮೀ. ವೇಗದಲ್ಲಿ ಭಾರ ಹೇರಬೇಕು. ಇಡೀ ಮುಖಕ್ಕೆ ಲೆಕ್ಕ ಹಾಕಿದರೆ ಇದು ಸೆಕೆಂಡಿಗೆ ಸುಮಾರು 5.25 ಕಿಲೋನ್ಯೂಟನ್. ಬೇಗ ಮುಗಿಸುವ ಆತುರದಲ್ಲಿ ಭಾರವನ್ನು ಜೋರಾಗಿ ಏರಿಸಿದರೆ ಕಾಂಕ್ರೀಟ್ ಇದ್ದದ್ದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ.

ಮೂರು ಕ್ಯೂಬುಗಳ ಬಲ 31, 30, 22 ನ್ಯೂಟನ್/ಚದರ ಮಿ.ಮೀ. ಬಂತೆನ್ನೋಣ. ಸರಾಸರಿ 27.7. ಐಎಸ್ 456ರ ಪ್ರಕಾರ ಯಾವ ಕ್ಯೂಬೂ ಸರಾಸರಿಯಿಂದ ಶೇ. 15ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು. 22 ಆ ಮಿತಿಯ ಹೊರಗಿದೆ. ಅದನ್ನು ಬಿಟ್ಟು ಉಳಿದೆರಡರ ಸರಾಸರಿ ಬರೆಯುವ ಆಸೆಯಾಗುವುದು ಸಹಜ. ಸಂಹಿತೆಯಂತೆ ಇಡೀ ಮಾದರಿಯ ಫಲಿತಾಂಶವೇ ಅಸಿಂಧು. ನಾಳೆ ಕಟ್ಟಡದ ಕಂಬಕ್ಕೆ ಹೊಣೆಯಾಗುವವರು ಈ ಪ್ರಾಮಾಣಿಕತೆಯನ್ನು ಲ್ಯಾಬಿನಲ್ಲೇ ರೂಢಿಸಿಕೊಳ್ಳಬೇಕು.

ಸುರಕ್ಷತೆ

ಸುರಕ್ಷತೆ ಗೋಡೆಯ ಫಲಕಕ್ಕಷ್ಟೇ ಸೀಮಿತವಾಗದೆ ಪ್ರತಿ ಪ್ರಯೋಗದ ಮೊದಲ ಹೆಜ್ಜೆಯಾಗಬೇಕು. ವರ್ಕ್‌ಶಾಪಿನಲ್ಲಿ ಲೇತ್ ಚಾಲೂ ಮಾಡುವ ಮೊದಲು ಚಕ್ ಕೀ ತೆಗೆದಿರಬೇಕು. ದುಪಟ್ಟಾ, ಸಡಿಲ ತೋಳು, ಬಿಚ್ಚಿದ ಕೂದಲು ತಿರುಗುವ ಭಾಗದ ಹತ್ತಿರ ಸುಳಿಯಬಾರದು. ಎಲೆಕ್ಟ್ರಿಕಲ್ ಮೆಷೀನ್ಸ್ ಲ್ಯಾಬಿನಲ್ಲಿ ಕನೆಕ್ಷನ್ನನ್ನು ಅಧ್ಯಾಪಕರು ನೋಡಿದ ಮೇಲಷ್ಟೇ ಸಪ್ಲೈ ಕೊಡಬೇಕು, ಕನೆಕ್ಷನ್ ಬದಲಿಸುವ ಮುನ್ನ ಸಪ್ಲೈಯನ್ನು ಆಫ್ ಮಾಡಬೇಕು. ಅಪಾಯವನ್ನು ಮೊದಲೇ ಊಹಿಸಿ ಬರೆಯುವ ಅಭ್ಯಾಸವನ್ನು ಪ್ರಯೋಗದ ಪೂರ್ವತಯಾರಿಯಲ್ಲಿ ಸೇರಿಸಿದರೆ ಅದು ಉದ್ಯೋಗಕ್ಕೂ ಜೊತೆಗೆ ಬರುತ್ತದೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ತಾಂತ್ರಿಕ ಶಿಕ್ಷಣದ ನಿಯಂತ್ರಣ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ, ಅಂದರೆ ಎಐಸಿಟಿಇಗೆ ಸೇರಿದ್ದು. 1945ರಲ್ಲಿ ಸಲಹಾ ಮಂಡಳಿಯಾಗಿ ಹುಟ್ಟಿದ ಅದಕ್ಕೆ 1987ರ ಕಾಯ್ದೆ ಶಾಸನಬದ್ಧ ಅಧಿಕಾರ ಕೊಟ್ಟಿತು. ಅದರ 2018ರ ಮಾದರಿ ಪಠ್ಯಕ್ರಮದಲ್ಲಿ ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್ ಇದ್ದರೆ, ಅಷ್ಟೇ ಕ್ರೆಡಿಟ್‌ಗೆ ಲ್ಯಾಬಿನಲ್ಲಿ ಎರಡು ಗಂಟೆ ಬೇಕು. ಮಾನ್ಯತೆಯ ಕೆಲಸಕ್ಕಾಗಿ 1994ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮಾನ್ಯತಾ ಮಂಡಳಿ, ಎನ್‌ಬಿಎ, 2014ರ ಜೂನ್‌ನಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆಯಿತು. ಅದರ 2015ರ ಸ್ವಯಂ ಮೌಲ್ಯಮಾಪನ ನಮೂನೆಯಲ್ಲಿ ಒಟ್ಟು 1000 ಅಂಕಗಳ ಪೈಕಿ 80 ಅಂಕ ಸೌಲಭ್ಯ ಮತ್ತು ತಾಂತ್ರಿಕ ಸಿಬ್ಬಂದಿಗೆ ಮೀಸಲು. ಲ್ಯಾಬ್‌ಗಳ ಸಜ್ಜು, ನಿರ್ವಹಣೆ, ಸುರಕ್ಷತೆ ಇದರಲ್ಲಿ ಸೇರಿವೆ.

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಪದವಿ ಶಿಕ್ಷಣದ ಬೇರು ಬೆಂಗಳೂರಿನಲ್ಲಿ 1917ರಲ್ಲಿ ಆರಂಭವಾದ, ಇಂದು ಯುವಿಸಿಇ ಎಂದು ಹೆಸರಾದ ಕಾಲೇಜಿನಲ್ಲಿದೆ. ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರ ಆಸ್ಥೆಯಿಂದ ಹುಟ್ಟಿದ ಸಂಸ್ಥೆ ಅದು. ಅವರದೇ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ, ವಿಟಿಯು, 1998ರಲ್ಲಿ ಬೆಳಗಾವಿಯಲ್ಲಿ ಕೇಂದ್ರ ಹೊಂದಿ ಕೆಲಸ ಶುರುಮಾಡಿತು. ಅದರ 2022ರ ಸ್ಕೀಮಿನಲ್ಲಿ ಲ್ಯಾಬ್ ಕೋರ್ಸಿಗೆ ಇಂಟರ್ನಲ್ಸ್ ಮತ್ತು ಸೆಮಿಸ್ಟರ್ ಪರೀಕ್ಷೆಗೆ ತಲಾ 50 ಅಂಕ. ಅಂತಿಮ ಪರೀಕ್ಷೆಗೆ ಸೂಚಿಸಿರುವ ಹಂಚಿಕೆ ಹೀಗಿದೆ: ಬರವಣಿಗೆಗೆ ಶೇ. 20, ಪ್ರಯೋಗದ ನಡೆಸುವಿಕೆ ಮತ್ತು ಫಲಿತಾಂಶಕ್ಕೆ ಶೇ. 60, ವೈವಾಕ್ಕೆ ಶೇ. 20. ಕೆಲವು ಮುಖ್ಯ ವಿಷಯಗಳಲ್ಲಿ ಪಾಠ ಮತ್ತು ಪ್ರಯೋಗವನ್ನು ಒಂದೇ ಕೋರ್ಸಾಗಿ ಬೆಸೆಯಲಾಗಿದೆ.

ಮೌಲ್ಯಮಾಪನ

ಅಂಕ ಎಲ್ಲಿದೆಯೋ ಗಮನ ಅಲ್ಲಿರುತ್ತದೆ. ಸೂತ್ರಕ್ಕೆ ಹೊಂದುವ ಫಲಿತಾಂಶಕ್ಕೆ ಮಾತ್ರ ಅಂಕ ಸಿಕ್ಕರೆ, ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿ ರೀಡಿಂಗ್ ಬರೆಯುವ ಚಾಳಿಗೆ ನೀರೆರೆದಂತಾಗುತ್ತದೆ. ಒಳ್ಳೆಯ ರೂಬ್ರಿಕ್‌ನಲ್ಲಿ ಪೂರ್ವತಯಾರಿ, ಉಪಕರಣದ ಆಯ್ಕೆಗೆ ಕೊಟ್ಟ ಕಾರಣ, ದೋಷ ಪತ್ತೆಹಚ್ಚಿದ ರೀತಿ, ಅನಿಶ್ಚಿತತೆಯ ಲೆಕ್ಕ, ತೀರ್ಮಾನದ ಸಮರ್ಥನೆ ಇವಕ್ಕೆ ಪ್ರತ್ಯೇಕ ಅಂಕ ಇರುತ್ತದೆ. ಲ್ಯಾಬಿನಲ್ಲೇ ಪೆನ್ನಿನಲ್ಲಿ ಬರೆದ, ಹೊಡೆದುಹಾಕಿದ್ದೂ ಕಾಣುವ ಅಬ್ಸರ್ವೇಷನ್ ಪುಸ್ತಕ ಅಚ್ಚುಕಟ್ಟಾದ ರೆಕಾರ್ಡಿಗಿಂತ ಹೆಚ್ಚು ನಂಬಬಹುದಾದ ಸಾಕ್ಷಿ. ನಾಲ್ವರ ಗುಂಪಿನಲ್ಲಿ ಒಬ್ಬರೇ ಯಂತ್ರ ಮುಟ್ಟಿ ಉಳಿದವರು ಬರೆದುಕೊಳ್ಳುವುದನ್ನು ತಪ್ಪಿಸಲು ಕೆಲಸದ ಸರದಿ ಬದಲಿಸುವುದೂ, ಒಬ್ಬೊಬ್ಬರನ್ನೇ ಉಪಕರಣದ ಮುಂದೆ ನಿಲ್ಲಿಸಿ ಕೇಳುವುದೂ ಅಗತ್ಯ.

ವರ್ಚುವಲ್ ಮತ್ತು ದೂರ ಪ್ರಯೋಗಾಲಯಗಳು

ಭಾರತ ಸರ್ಕಾರ 2009ರಲ್ಲಿ ಕೈಗೊಂಡ ರಾಷ್ಟ್ರೀಯ ಐಸಿಟಿ ಶಿಕ್ಷಣ ಅಭಿಯಾನದಡಿ ವರ್ಚುವಲ್ ಲ್ಯಾಬ್ಸ್ ಯೋಜನೆ ರೂಪುಗೊಂಡಿತು. ದೆಹಲಿ ಐಐಟಿ ಇದರ ಸಮನ್ವಯ ಸಂಸ್ಥೆ. ಭಾಗವಹಿಸಿದ ಸಂಸ್ಥೆಗಳಲ್ಲಿ ಸುರತ್ಕಲ್ಲಿನ ಎನ್‌ಐಟಿಕೆ ಕೂಡ ಒಂದು. 2020ರ ಕೋವಿಡ್ ಕಾಲದಲ್ಲಿ ಕಾಲೇಜುಗಳು ಮುಚ್ಚಿದಾಗ ಇಂಥ ವ್ಯವಸ್ಥೆಗಳ ಬಳಕೆ ಹೆಚ್ಚಾಯಿತು. ಜಿಂಗ್ ಮಾ ಮತ್ತು ಜೆಫ್ರಿ ನಿಕರ್ಸನ್ 2006ರ ತಮ್ಮ ಸಮೀಕ್ಷೆಯಲ್ಲಿ ಒಂದು ಮುಖ್ಯ ಮಾತು ಹೇಳಿದ್ದರು: ಕೈಪ್ರಯೋಗ, ಸಿಮ್ಯುಲೇಷನ್, ದೂರ ಪ್ರಯೋಗ ಇವುಗಳ ಪರ ವಾದಿಸುವವರು ಬೇರೆ ಬೇರೆ ಗುರಿಗಳನ್ನಿಟ್ಟುಕೊಂಡು ಅಳೆಯುತ್ತಾರೆ. ಪರಿಕಲ್ಪನೆ ತಿಳಿಯಲು, ಪೂರ್ವತಯಾರಿಗೆ, ಅಪಾಯದ ಪ್ರಯೋಗಗಳಿಗೆ ಸಿಮ್ಯುಲೇಷನ್ ಒಳ್ಳೆಯದು. ಬಿಟ್ಟುಹೋದ ಸೋಲ್ಡರ್, ಸಡಿಲವಾದ ಬ್ರೆಡ್‌ಬೋರ್ಡ್ ತೂತು, ಬಿಸಿಯಾದ ಬೇರಿಂಗ್ ಅದರಲ್ಲಿ ಸಿಗುವುದಿಲ್ಲ. ಹದಿಮೂರು ಗುರಿಗಳಲ್ಲಿ ಯಾವುದಕ್ಕೆ ಯಾವುದು ಸಲ್ಲುತ್ತದೆ ಎಂದು ನೋಡಿ ಎರಡನ್ನೂ ಬಳಸುವುದು ಸರಿಯಾದ ದಾರಿ.

ಮಾನದಂಡ ಆಚರಣೆಗೆ ಬರಲು

ಮಾನದಂಡ ಕಾಗದದಿಂದ ಬೆಂಚಿಗೆ ಇಳಿಯಲು ಮೂರು ಬೇಕು: ಕೆಟ್ಟ ಉಪಕರಣವನ್ನು ಬೇಗ ಸರಿಪಡಿಸಬಲ್ಲ ನುರಿತ ಲ್ಯಾಬ್ ಸಿಬ್ಬಂದಿ, ಪ್ರತಿಯೊಬ್ಬರ ಕೈಗೂ ಉಪಕರಣ ಸಿಗುವಷ್ಟು ಸಣ್ಣ ಬ್ಯಾಚ್, ನಿರೀಕ್ಷೆಗೆ ವಿರುದ್ಧವಾದ ರೀಡಿಂಗನ್ನು ತಪ್ಪೆಂದು ಗದರದೆ ಅದರ ಕಾರಣ ಕೇಳುವ ಅಧ್ಯಾಪಕರು. ಮೊದಲೆರಡಕ್ಕೆ ಹಣ ಬೇಕು. ಮೂರನೆಯದನ್ನು ಯಾವ ಕಾಲೇಜಾದರೂ ಮುಂದಿನ ಲ್ಯಾಬ್ ತರಗತಿಯಿಂದಲೇ ಶುರುಮಾಡಬಹುದು.