ಶನಿವಾರ ಮೆತ್ತಗೆ, ಸೋಮವಾರ ಗಟ್ಟಿ

ಕಳೆದ ವಾರ ನನ್ನ ಇಂಜಿನಿಯರಿಂಗ್ ಡಿಗ್ರಿಯ ಮರ್ಯಾದೆ ಹೋಯ್ತು. ಇಲ್ಲೇ ಕ್ರ್ಯಾನ್‌ಬರಿಯಲ್ಲಿರುವ ಗೆಳೆಯನೊಬ್ಬ ತನ್ನ ಡ್ರೋನಿಗೆ ಅಲ್ಯೂಮಿನಿಯಂ ಬ್ರ್ಯಾಕೆಟ್ ಒಂದನ್ನು 3ಡಿ ಪ್ರಿಂಟ್ ಮಾಡಿಸಿದ್ದ. "ಇನ್ನೂ ಗಟ್ಟಿ ಆಗ್ಬೇಕು, ಏನ್ ಮಾಡ್ಲಿ?" ಅಂದ. "ಟಿ6 ಮಾಡಿಸು" ಅಂತ ಜಂಬದಿಂದ ಹೇಳಿದೆ. ಅಂದ್ರೆ, 500 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿ, ನೀರಿಗದ್ದಿ, ಮತ್ತೆ 160ರ ಆಸುಪಾಸಿನಲ್ಲಿ ಕೆಲವು ಗಂಟೆ ಇಡೋದು. ಮಾಡಿಸಿದ. ಮೊದಲಿಗಿಂತ ಮೆತ್ತಗಾಗಿ ಬಂತು! ಯಾಕಪ್ಪಾ ಅಂತ ಹುಡುಕಿದರೆ ನೂರು ವರ್ಷಕ್ಕೂ ಹಳೆಯ ಕತೆ ಸಿಕ್ಕಿತು.

ನಮ್ಮೂರ ಕುಲುಮೆಯಲ್ಲಿ ಕೆಂಪಗೆ ಕಾದ ಕುಡುಗೋಲನ್ನು ನೀರಿಗದ್ದಿದ ಕೂಡಲೇ ಗಟ್ಟಿಯಾಗುತ್ತಿತ್ತು. 1906ರಲ್ಲಿ ಬರ್ಲಿನ್ ಹತ್ತಿರ ಆಲ್‌ಫ್ರೆಡ್ ವಿಲ್ಮ್, ಸುಮಾರು 4% ತಾಮ್ರ ಮತ್ತು ಚೂರು ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಮ್ಮನ್ನು ಹಾಗೇ ಕಾಯಿಸಿ ಅದ್ದಿದ. ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಆದರೆ ಶನಿವಾರ ಬಿಟ್ಟುಹೋದ ತುಂಡು ಸೋಮವಾರ ಅಳೆದಾಗ ಗಟ್ಟಿಯಾಗಿತ್ತು ಅನ್ನೋದು ಪ್ರಸಿದ್ಧ ಕತೆ. ಅದೇ ಡ್ಯುರಾಲುಮಿನ್. ನಮ್ಮ ಮನೆಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ಲೇಕ್‌ಹರ್ಸ್ಟ್‌ನಿಂದ 1923ರಲ್ಲಿ ಮೊದಲು ಹಾರಿದ ಶೆನಂಡೋವಾ ವಾಯುನೌಕೆಯ ಅಸ್ಥಿಪಂಜರ ಇದರದ್ದೇ. 1937ರಲ್ಲಿ ಅಲ್ಲೇ ಹೊತ್ತಿ ಉರಿದ ಹಿಂಡನ್‌ಬರ್ಗ್‌ನದೂ ಅಷ್ಟೇ.

ಆ ಎರಡು ದಿನ ಒಳಗೆ ನಡೆದದ್ದೇನು? ಕರಗಿದ್ದ ತಾಮ್ರ ನಿಧಾನಕ್ಕೆ ಸೂಕ್ಷ್ಮ ಕಣಗಳಾಗಿ ಬೇರ್ಪಡುತ್ತೆ ಅಂತ 1919ರಲ್ಲಿ ಅಮೆರಿಕದ ಮೆರಿಕಾ ಮತ್ತು ಸಂಗಡಿಗರು ವಿವರಿಸಿದರು. 1938ರಲ್ಲಿ ಫ್ರಾನ್ಸಿನ ಗಿನಿಯೇ, ಬ್ರಿಟನ್ನಿನ ಪ್ರೆಸ್ಟನ್ ಬೇರೆಬೇರೆಯಾಗಿ ಎಕ್ಸ್-ರೇಯಲ್ಲಿ ಅದರ ಗುರುತು ಹಿಡಿದರು. ಪರಮಾಣುಗಳ ಪದರ ಜಾರದಂತೆ ಈ ಸಣ್ಣ ಗುಂಪುಗಳು ಅಡ್ಡ ನಿಲ್ಲುತ್ತವೆ. ಗಟ್ಟಿತನ ಅಂದ್ರೆ ಅದೇ.

ಈಗ ನಮ್ಮ ಬ್ರ್ಯಾಕೆಟ್. ಅದರಲ್ಲಿ ಸುಮಾರು 10% ಸಿಲಿಕಾನ್, ಚೂರು ಮೆಗ್ನೀಸಿಯಂ. ಲೇಸರ್ ಕರಗಿಸಿದ ಪುಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಹೆಪ್ಪುಗಟ್ಟಿ, ಒಳಗೆ ಸಿಲಿಕಾನಿನ ನವಿರಾದ ಬಲೆ ಹೆಣೆದುಕೊಳ್ಳುತ್ತೆ. ಅಂದರೆ ನೀರಿಗದ್ದುವ ಕೆಲಸ ಪ್ರಿಂಟಾಗುವಾಗಲೇ ಮುಗಿದಿರುತ್ತೆ! ಮತ್ತೆ 500 ದಾಟಿಸಿದರೆ ಬಲೆ ಹರಿದು, ಸಿಲಿಕಾನ್ ಗುಂಡುಗುಂಡಾಗಿ ದಪ್ಪಗಾಗುತ್ತೆ. ಆಮೇಲಿನ ಹದ ಆ ನಷ್ಟವನ್ನು ಪೂರ್ತಿ ತುಂಬಲ್ಲ. ಮುರಿಯದೆ ಬಾಗುವ ಗುಣ ಬೇಕಾದವರು ಟಿ6 ಮಾಡಿಸೋದುಂಟು. ಗಟ್ಟಿತನವೇ ಬೇಕಿದ್ದರೆ ನೇರವಾಗಿ 160ರ ಆಸುಪಾಸಿನ ಹದ ಸಾಕು.

ಮೈಸೂರುಪಾಕ್ ಹೇಗೆ ಅಂತ ಫೋನ್ ಮಾಡಿದರೆ ಅಮ್ಮ ಮೊದಲು ಕೇಳೋದು, "ಈಗ ಪಾಕ ಎಲ್ಲಿಗೆ ಬಂದಿದೆ?" ಅಂತ. ಗೆಳೆಯನನ್ನು ನಾನೂ ಅದನ್ನೇ ಕೇಳಬೇಕಿತ್ತು. ಹೊಸ ಬ್ರ್ಯಾಕೆಟ್ಟಿನ ಖರ್ಚು ನನ್ನದೇ... ಒಪ್ಕೊಂಡಿದ್ದೀನಿ!