ಉಡು, ತೊಡು, ಮುಡಿ

ಇಂಗ್ಲಿಷಿನ ‘ವೇರ್’ ದೊಡ್ಡ ಹೊಟ್ಟೆಯ ಕ್ರಿಯಾಪದ. ಸೀರೆ, ಷೂ, ಮಲ್ಲಿಗೆ, ಕನ್ನಡಕ, ಸೆಂಟು, ಗಡ್ಡ, ಕಡೆಗೆ ಮುಖದ ಮೇಲಿನ ನಗೆಯನ್ನೂ ನುಂಗುತ್ತದೆ. ಹಾಕೀ ಹಾಕೀ ಬಟ್ಟೆ ಸವೆದರೆ ಅದಕ್ಕೂ ಅದೇ. ಪಾಂಡವಪುರದ ಸೀಮೆಯಲ್ಲಿ ಅಷ್ಟು ಸಲೀಸಿಲ್ಲ. ಇಲ್ಲಿ ಸೀರೆ ಉಡಬೇಕು, ರವಿಕೆ ತೊಡಬೇಕು, ಹೂ ಮುಡಿಯಬೇಕು, ಕುಂಕುಮ ಇಡಬೇಕು, ಪೇಟ ಸುತ್ತಬೇಕು, ಕಂಬಳಿ ಹೊದೆಯಬೇಕು, ಎಕ್ಕಡ ಮೆಟ್ಟಬೇಕು. ‘ಹೂ ಉಟ್ಟಳು’ ಎಂದರೆ ಸಂತೆಯಲ್ಲಿ ಹೂವಿಗೆ ಮೊಳ ಹಾಕುವವಳೂ ನಕ್ಕಾಳು.

ಸೊಂಟಕ್ಕೆ ಸುತ್ತಿಕೊಳ್ಳುವುದೆಲ್ಲ ಉಡು. ಪಂಚೆಗೂ ಅದೇ, ಉಡುದಾರದಲ್ಲೂ ಅದೇ. ಕೈ ತೂರಿಸಿದರೆ ತೊಡು. ಬಳೆಗಾರ ಬೆರಳ ಗಿಣ್ಣುಗಳನ್ನು ಹಿಸುಕಿ, ಗಾಜು ಚಿಟ್ಟೆನ್ನದಂತೆ ಮಣಿಕಟ್ಟಿಗೆ ಇಳಿಸುತ್ತಾನಲ್ಲ, ಅದು ತೊಡಿಸುವುದು. ಕಾಲಿನದು ಮೆಟ್ಟು, ದೆವ್ವ ಮಾತ್ರ ಮನುಷ್ಯನನ್ನೇ ಮೆಟ್ಟಿಕೊಳ್ಳುತ್ತದೆ.

ನನಗೆ ಅಚ್ಚುಮೆಚ್ಚಿನದು ಮುಡಿ. ತುರುಬೂ ಮುಡಿ, ಅದಕ್ಕೆ ಹೂ ಸಿಕ್ಕಿಸಿಕೊಳ್ಳುವುದೂ ಮುಡಿ, ಹರಕೆಗೆ ತಲೆ ಬೋಳಿಸಿದರೆ ಮುಡಿ ಕೊಟ್ಟಂತೆ. ಇದೇ ತಾಲ್ಲೂಕಿನ ಮೇಲುಕೋಟೆಯಲ್ಲಿ ಕಿರೀಟವೇ ಮುಡಿ. ವೈರಮುಡಿ ಉತ್ಸವದ ಬೆಳಿಗ್ಗೆ ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಕಿರೀಟದ ಪೆಟ್ಟಿಗೆ ಹೊರಡುತ್ತದೆ. ದಾರಿಯ ಊರುಗಳವರು ತಳಿರು ತೋರಣ ಕಟ್ಟಿ, ಪೂಜೆ ಮಾಡಿ ಮುಂದಕ್ಕೆ ಕಳಿಸುತ್ತಾರೆ. ರಾತ್ರಿ ಚೆಲುವನಾರಾಯಣನ ಉತ್ಸವಮೂರ್ತಿ ಕಿರೀಟವನ್ನಿಟ್ಟುಕೊಂಡು ಮೆರೆಯುತ್ತದೆ. ಆ ಕಿರೀಟಕ್ಕೆ ಹಗಲ ಬೆಳಕು ಬೀಳಬಾರದೆಂಬುದು ನಂಬಿಕೆ. ಅದೇ ದೇವರ ಇನ್ನೆರಡು ಕಿರೀಟಗಳಲ್ಲಿ ರಾಜ ಒಡೆಯರ ಕಾಣಿಕೆ ರಾಜಮುಡಿ, ಮುಮ್ಮಡಿ ಕೃಷ್ಣರಾಜ ಒಡೆಯರದು ಕೃಷ್ಣರಾಜಮುಡಿ. ರಾಜಮುಡಿ ಎಂಬ ಕೆಂಪಕ್ಕಿ ಭತ್ತವೂ ಇದೆಯಾದ್ದರಿಂದ ತಲೆಯ ಮಾತು ತಟ್ಟೆಗೂ ಇಳಿದಿದೆ.

ಈಚೆಗೆ ನಮ್ಮಲ್ಲೂ ಒಂದು ‘ವೇರ್’ ಬೆಳೆಯುತ್ತಿದೆ: ಹಾಕು. ಪ್ಯಾಂಟು, ಚೂಡಿದಾರ್, ವಾಚು, ಮಾಸ್ಕು ಬಂದಾಗ ಹಳೆಯ ಪದ ಹುಡುಕುವ ತಾಳ್ಮೆ ಯಾರಿಗಿತ್ತು? ಹಾಕು ಸಾಕಾಯಿತು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಟೀವಿಯಲ್ಲಿ ಯಾರಾದರೂ ‘ಸೀರೆ ಹಾಕಿದೆ’ ಎಂದರೆ, ಒಣಗಲು ತಂತಿಗೆ ಹಾಕಿದಳೇನೋ ಅನಿಸುತ್ತದೆ. ಇನ್ನು ‘ಧರಿಸು’ ಬರೀ ಬೋರ್ಡಿನ ಪದ. ಹೆದ್ದಾರಿಯಲ್ಲಿ ಪೊಲೀಸರು ‘ಹೆಲ್ಮೆಟ್ ಧರಿಸಿ’ ಎಂದು ಬರೆಸಿರುತ್ತಾರೆ. ಬೈಕು ಕಿಕ್ ಹೊಡೆಯುವಾಗ ಹಟ್ಟಿಯ ಒಳಗಿಂದ ಅವ್ವ ಕೂಗುವುದು ‘ಎಲ್ಮೆಟ್ ಹಾಕ್ಕಂಡ್ ಹೋಗ್ಲಾ ಮಗ’ ಎಂದೇ.