ತೆರೆದ ಮೂತ್ರಕೋಶದ ಶಸ್ತ್ರಚಿಕಿತ್ಸೆ: ಹೊಲಿಗೆಯ ಆಚೆಗಿನ ಲೆಕ್ಕ

ಗರ್ಭದಲ್ಲಿ ಕೂಡಿಕೊಳ್ಳಬೇಕಾದ ಕಿಬ್ಬೊಟ್ಟೆಯ ಗೋಡೆ, ಮೂತ್ರಕೋಶದ ಮುಂಭಾಗ ಮತ್ತು ಸೊಂಟದ ಮುಂದಿನ ಮೂಳೆಗಳು ಕೂಡದೆ ಉಳಿದಾಗ, ಮೂತ್ರಕೋಶದ ಒಳಪೊರೆ ಹೊಕ್ಕುಳಿನ ಕೆಳಗೆ ಕೆಂಪಗೆ ತೆರೆದುಕೊಂಡು ಮೂತ್ರ ಸದಾ ಒಸರುತ್ತಿರುತ್ತದೆ. ಈ ಜನ್ಮದೋಷಕ್ಕೆ ವೈದ್ಯರು ಬ್ಲ್ಯಾಡರ್ ಎಕ್ಸ್‌ಟ್ರೋಫಿ ಎನ್ನುತ್ತಾರೆ. ಸುಮಾರು 30,000ದಿಂದ 50,000 ಹೆರಿಗೆಗಳಿಗೆ ಒಂದರಂತೆ, ಹೆಣ್ಣಿಗಿಂತ ಗಂಡುಮಕ್ಕಳಲ್ಲಿ ಹೆಚ್ಚಾಗಿ ಕಾಣಿಸುವ ಇದರ ಜೊತೆಗೆ ಮೂತ್ರಮಾರ್ಗವೂ ಮೇಲ್ಭಾಗದಲ್ಲಿ ಸೀಳಿಕೊಂಡಿರುತ್ತದೆ. ಆ ಸೀಳಿನ ಹೆಸರು ಎಪಿಸ್ಪೇಡಿಯಾಸ್. ಇಂಥ ಮಗುವೊಂದರ ಶಸ್ತ್ರಚಿಕಿತ್ಸೆ ಸುದ್ದಿಯಾದಾಗಲೆಲ್ಲ 'ಸಂಪೂರ್ಣ ಗುಣ' ಎಂಬ ಮಾತು ಶೀರ್ಷಿಕೆಗೆ ಏರುತ್ತದೆ. ಹೊಲಿಗೆ ಬಿಚ್ಚಿದ ದಿನವೇ ಕೆಲಸ ಮುಗಿಯಿತೆಂಬ ಈ ಗ್ರಹಿಕೆಯನ್ನು ಕ್ಷೇತ್ರದ ಚರಿತ್ರೆ ಎಲ್ಲಿಯೂ ಸಮರ್ಥಿಸುವುದಿಲ್ಲ.

ಈ ಶಸ್ತ್ರಚಿಕಿತ್ಸೆಯ ಮೊದಲ ನೂರು ವರ್ಷಗಳ ಕಥೆ ಬೇಗ ಮುಗಿಯುತ್ತದೆ. 1851ರಲ್ಲಿ ಲಂಡನ್ನಿನ ಜಾನ್ ಸೈಮನ್ ಮೂತ್ರವಾಹಿನಿಗಳನ್ನು, ಎಂದರೆ ಮೂತ್ರಪಿಂಡದಿಂದ ಇಳಿಯುವ ನಾಳಗಳನ್ನು, ಕರುಳಿನತ್ತ ತಿರುಗಿಸಿದರು; ಆ ರೋಗಿ ಬಹುಕಾಲ ಬದುಕಲಿಲ್ಲವಾದರೂ ಮೂತ್ರವನ್ನು ಕರುಳಿಗೆ ಸೇರಿಸುವ ಈ ದಾರಿ ನೂರಕ್ಕೂ ಹೆಚ್ಚು ವರ್ಷ ಬಳಕೆಯಲ್ಲಿ ಉಳಿಯಿತು. ಮಗುವಿನ ಬಟ್ಟೆ ಒಣಗಿರುತ್ತಿತ್ತು, ಆದರೆ ಮೂತ್ರಪಿಂಡಗಳಿಗೆ ಸೋಂಕು ಏರುತ್ತಿತ್ತು, ರಕ್ತದಲ್ಲಿ ಆಮ್ಲ ಹೆಚ್ಚುತ್ತಿತ್ತು, ದಶಕಗಳು ಕಳೆದ ಮೇಲೆ ಕರುಳು ಮತ್ತು ನಾಳ ಸೇರಿದ ಜಾಗದಲ್ಲೇ ಕ್ಯಾನ್ಸರ್ ಹುಟ್ಟುವ ಸಂಭವವೂ ಇತ್ತು. ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ಸೊಂಟದ ಮೂಳೆಗಳನ್ನು ಹತ್ತಿರಕ್ಕೆ ತಂದು ಮೂತ್ರಕೋಶವನ್ನೇ ಮುಚ್ಚಲು ಯತ್ನಿಸಿದ್ದು, 1942ರಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಒಬ್ಬ ಹುಡುಗಿಯಲ್ಲಿ ಮುಚ್ಚುವಿಕೆಯನ್ನೂ ಮೂತ್ರದ ಹಿಡಿತವನ್ನೂ ಸಾಧಿಸಿದ್ದು, ಇವೆರಡೂ ಸರಿಯಾದ ದಿಕ್ಕನ್ನು ತೋರಿದವು.

ಆ ದಿಕ್ಕನ್ನು ಶಿಸ್ತಾಗಿ ಮಾಡಿದ ಕೀರ್ತಿ ರಾಬರ್ಟ್ ಜೆಫ್ಸ್ ಅವರದು. 1970ರ ದಶಕದಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅವರು ಬೆಳೆಸಿದ ಹಂತಹಂತದ ಪದ್ಧತಿಯಲ್ಲಿ ಮೊದಲು ಮೂತ್ರಕೋಶವನ್ನೂ ಹೊಟ್ಟೆಯ ಗೋಡೆಯನ್ನೂ ಮುಚ್ಚಲಾಗುತ್ತದೆ, ಅನಂತರ ಎಪಿಸ್ಪೇಡಿಯಾಸ್ ಸರಿಪಡಿಸಲಾಗುತ್ತದೆ, ಕೊನೆಗೆ ಮಗು ನಾಲ್ಕೈದು ವರ್ಷದ್ದಾಗಿ ಮೂತ್ರಕೋಶ ಸಾಕಷ್ಟು ಹಿಗ್ಗಿದ ಮೇಲೆ ಅದರ ಕತ್ತನ್ನು, ಎಂದರೆ ಮೂತ್ರ ತಡೆಯುವ ಭಾಗವನ್ನು, ಬಿಗಿಗೊಳಿಸಲಾಗುತ್ತದೆ. ಮಗು ಹುಟ್ಟಿದ 72 ಗಂಟೆಗಳೊಳಗೆ ಸೊಂಟದ ಮೂಳೆಗಳು ಇನ್ನೂ ಬಾಗುವಂತಿರುವುದರಿಂದ ಅವನ್ನು ಕೊಯ್ಯದೆಯೇ ಕೂಡಿಸಲು ಸಾಧ್ಯ. ತಡವಾದರೆ ಮೂಳೆ ಕೊಯ್ದು ಜೋಡಿಸಬೇಕು, ಮಗುವನ್ನು ವಾರಗಟ್ಟಲೆ ಅಲುಗದಂತೆ ಕಟ್ಟಿಡಬೇಕು. ಮೊದಲ ಮುಚ್ಚುವಿಕೆ ವಿಫಲವಾದರೆ ಮುಂದಿನ ಪ್ರತಿ ಯತ್ನವೂ ಗಾಯದ ಅಂಗಾಂಶದ ಮೇಲೆ ನಡೆಯಬೇಕಾಗುತ್ತದೆ ಎಂಬ ಅರಿವು ಈ ಪದ್ಧತಿಯ ಜೀವಾಳವಾಗಿತ್ತು, ಮತ್ತು ಮುಂದೆ ಬಂದ ಯಾವ ಪದ್ಧತಿಯೂ ಅದನ್ನು ಅಲ್ಲಗಳೆದಿಲ್ಲ.

ಸಿಯಾಟಲ್‌ನ ಮೈಕೆಲ್ ಮಿಚೆಲ್ 1989ರಿಂದ ಈ ಹಂತಗಳನ್ನೆಲ್ಲ ಒಂದೇ ಬಾರಿಗೆ ಮಾಡುವ ದಾರಿಯನ್ನು ತೆರೆದರು. ಮೂತ್ರಕೋಶವು ಬೇಗ ತುಂಬಿ ಖಾಲಿಯಾಗತೊಡಗಿದರೆ ಸಹಜವಾಗಿ ಬೆಳೆಯುತ್ತದೆಂಬ ಅವರ ತರ್ಕ ಬಲವಾದದ್ದೇ, ಆದರೆ ಆ ಮಕ್ಕಳಲ್ಲಿ ಬಹಳ ಮಂದಿಗೆ ಮುಂದೆ ಇನ್ನಷ್ಟು ಶಸ್ತ್ರಚಿಕಿತ್ಸೆ ಬೇಕಾಗಿದ್ದರಿಂದ 'ಒಂದೇ ಬಾರಿ' ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳುವುದು ಮಿಚೆಲ್‌ರಿಗೂ ನ್ಯಾಯವಲ್ಲ. ಮೆಲ್ಬರ್ನ್‌ನ ಜಸ್ಟಿನ್ ಕೆಲ್ಲಿ ಮೂಳೆ ಕೊಯ್ಯದೆ ಸೊಂಟದ ಒಳಸ್ನಾಯುಗಳನ್ನು ಬಿಡಿಸಿ ಮೂತ್ರಮಾರ್ಗದ ಸುತ್ತ ಸುತ್ತುವ ವಿಧಾನವನ್ನು ರೂಪಿಸಿದರು. ನುರಿತ ಕೈಗಳಲ್ಲದೆ ಬೇರೆಯವರು ಅದನ್ನು ಮುಟ್ಟದಿರುವುದೇ ಒಳ್ಳೆಯದು.

ರೋಗಿಯ ದಿನನಿತ್ಯದ ಬದುಕನ್ನು ನಿಜಕ್ಕೂ ಬದಲಿಸಿದ್ದು ಮಾತ್ರ ಇವಾವುವೂ ಅಲ್ಲ. 1972ರಲ್ಲಿ ಮಿಶಿಗನ್ನಿನ ಜ್ಯಾಕ್ ಲ್ಯಾಪಿಡೀಸ್, ಮೂತ್ರಕೋಶ ತಾನಾಗಿ ಖಾಲಿಯಾಗದಿದ್ದರೆ ದಿನಕ್ಕೆ ಹಲವು ಬಾರಿ ಸಣ್ಣ ನಳಿಕೆ ಹಾಕಿ ಖಾಲಿ ಮಾಡಿಕೊಳ್ಳಬಹುದೆಂದೂ, ಅದಕ್ಕೆ ಸಂಪೂರ್ಣ ನಿರ್ಜೀವಾಣುತೆ ಬೇಕಿಲ್ಲ, ಸೋಪಿನಿಂದ ತೊಳೆದ ಕೈ ಮತ್ತು ತೊಳೆದ ನಳಿಕೆ ಸಾಕೆಂದೂ ತೋರಿಸಿದರು. 1980ರಲ್ಲಿ ಫ್ರಾನ್ಸಿನ ಪಾಲ್ ಮಿತ್ರೋಫನೋಫ್ ಅಪೆಂಡಿಕ್ಸನ್ನೇ ನಾಲೆಯಾಗಿ ಬಳಸಿ ಮೂತ್ರಕೋಶವನ್ನು ಹೊಟ್ಟೆಯ ಚರ್ಮಕ್ಕೆ ಜೋಡಿಸಿ, ಆ ಪುಟ್ಟ ರಂಧ್ರದಿಂದ ನಳಿಕೆ ಹಾಕುವ ಉಪಾಯವನ್ನು ಪ್ರಕಟಿಸಿದರು. ಕರುಳಿನ ತುಂಡಿನಿಂದ ಮೂತ್ರಕೋಶವನ್ನು ದೊಡ್ಡದು ಮಾಡುವ ಶಸ್ತ್ರಚಿಕಿತ್ಸೆಯೂ ಇದರೊಂದಿಗೆ ಸೇರಿ, ಕತ್ತಿನ ದುರಸ್ತಿ ಸೋತ ಮಕ್ಕಳೂ ಒಣಬಟ್ಟೆಯಲ್ಲಿ ಶಾಲೆಗೆ ಹೋಗುವಂತಾಯಿತು. ಕರುಳಿನ ಲೋಳೆಯಿಂದ ಕಲ್ಲು ಕಟ್ಟದಂತೆ ಮೂತ್ರಕೋಶವನ್ನು ನಿಯಮಿತವಾಗಿ ತೊಳೆಯಬೇಕು, ಮೂತ್ರಪಿಂಡಗಳನ್ನು ಜೀವಮಾನವಿಡೀ ಪರೀಕ್ಷಿಸುತ್ತಿರಬೇಕು. ಭಾರತದ ಮನೆಗಳಲ್ಲಿ ದುಬಾರಿ ಕ್ಯಾತಿಟರಿನ ಬದಲು ಅಗ್ಗದ ಫೀಡಿಂಗ್ ಟ್ಯೂಬನ್ನೇ ತೊಳೆದು ಬಳಸುವುದುಂಟು. ಲ್ಯಾಪಿಡೀಸ್‌ರ ತತ್ವ ಬಡವರ ಮನೆಗೆ ಒಗ್ಗಿದ್ದು ಹೀಗೆ.

ಭಾರತದ ಪಾಲನ್ನು ಪಠ್ಯಗಳು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳುತ್ತವೆ. ಮೂತ್ರರಂಧ್ರ ತುದಿಯಲ್ಲಿರದೆ ಕೆಳಭಾಗದಲ್ಲಿ ತೆರೆದಿರುವ, ಅಷ್ಟೇನೂ ಅಪರೂಪವಲ್ಲದ ಹೈಪೋಸ್ಪೇಡಿಯಾಸ್ ಎಂಬ ನೆರೆಯ ದೋಷಕ್ಕೆ ಮುಂದೊಗಲಿನ ಚರ್ಮವನ್ನೇ ನಾಳವಾಗಿ ಸುತ್ತಿ ಒಂದೇ ಹಂತದಲ್ಲಿ ದುರಸ್ತಿ ಮಾಡುವ ವಿಧಾನವನ್ನು ಆಗ್ರಾದ ಎಚ್.ಎಸ್. ಅಸೋಪಾ 1971ರಲ್ಲೇ ಪ್ರಕಟಿಸಿದ್ದರು. ಸುಮಾರು ಒಂದು ದಶಕದ ನಂತರ ಇಂಥದೇ ವಿಧಾನದೊಂದಿಗೆ ಬಂದ ಅಮೆರಿಕದ ಡಕೆಟ್ ಅವರ ಹೆಸರೇ ಹೆಚ್ಚು ಪ್ರಚಾರ ಪಡೆಯಿತು. 1965ರಲ್ಲಿ ಮಕ್ಕಳ ಶಸ್ತ್ರತಜ್ಞರ ಭಾರತೀಯ ಸಂಘ ಹುಟ್ಟಿತು. ದಕ್ಷಿಣದಲ್ಲಿ ಮದರಾಸಿನ ಎಂ.ಎಸ್. ರಾಮಕೃಷ್ಣನ್ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಅಡಿಪಾಯ ಹಾಕಿದರು. ಅಹಮದಾಬಾದಿನ ಸಿವಿಲ್ ಆಸ್ಪತ್ರೆಯಲ್ಲಿ 2009ರಿಂದ ಅಮೆರಿಕದ ತಜ್ಞರು ಸ್ಥಳೀಯರೊಂದಿಗೆ ಸೇರಿ ವರ್ಷವರ್ಷವೂ ನಡೆಸಿಕೊಂಡು ಬಂದ ಎಕ್ಸ್‌ಟ್ರೋಫಿ ಶಿಬಿರದ ನಿಜವಾದ ಹಿರಿಮೆ ಅತಿಥಿಗಳ ಕೈಚಳಕವಲ್ಲ, ಹಿಂದಿನ ವರ್ಷಗಳ ಮಕ್ಕಳನ್ನು ಮತ್ತೆ ಕರೆಸಿ ನೋಡಿದ್ದು.

ಆ 'ಮತ್ತೆ ಕರೆಸುವ' ವ್ಯವಸ್ಥೆಯೇ ಉಳಿದೆಡೆ ತೆಳುವಾಗಿದೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಡುವಿನ ಸೋಮನೂರಿನಂಥ ಪವರ್‌ಲೂಮ್ ಊರನ್ನು ಎದುರಿಗಿಟ್ಟುಕೊಂಡರೆ ಇದು ಸ್ಪಷ್ಟವಾಗುತ್ತದೆ. ಕೊಯಮತ್ತೂರಿನಲ್ಲಿ 1966ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ತಿರುಪ್ಪೂರಿಗೂ 2022ರಲ್ಲಿ ಒಂದು ಬಂದಿದೆ. ದೂರ ಇಲ್ಲಿ ಅಡ್ಡಿಯಲ್ಲ. ನೇಯ್ದಷ್ಟಕ್ಕೇ ಕೂಲಿ ದಕ್ಕುವ ಮನೆಗೆ ಪ್ರತಿ ಆಸ್ಪತ್ರೆ ಭೇಟಿಯೂ ಕಳೆದುಹೋದ ದುಡಿಮೆ, ಮತ್ತು ಈ ಸೀಮೆಯ ದೇವಾಂಗ ನೇಕಾರರಂತೆ ಮನೆಯೊಳಗೆ ಕನ್ನಡ, ಆಸ್ಪತ್ರೆಯ ಚೀಟಿಯಲ್ಲಿ ತಮಿಳು ಮತ್ತು ಇಂಗ್ಲಿಷ್ ಇರುವ ಕುಟುಂಬಕ್ಕೆ ಹದಿಹರೆಯದ ಹುಡುಗನ ಸಂಕೋಚದ ಪ್ರಶ್ನೆಯನ್ನು ಯಾರ ಮುಂದೆ, ಯಾವ ಮಾತಿನಲ್ಲಿ ಇಡಬೇಕೆಂಬುದೂ ತೊಡಕೇ. ಪ್ರಾಯಕ್ಕೆ ಬಂದ ಮೇಲೆ ಮಕ್ಕಳ ವಿಭಾಗ ಕೈಬಿಡುತ್ತದೆ, ದೊಡ್ಡವರ ವಿಭಾಗಕ್ಕೆ ಅವರ ಹಿಂದಿನ ಕಥೆ ಗೊತ್ತಿರುವುದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂಲ ಪಟ್ಟಿಯಲ್ಲಿ ಹೆಸರಿಸಿದ ಒಂಬತ್ತು ಜನ್ಮದೋಷಗಳಲ್ಲಿ ಸೀಳುತುಟಿಯಿದೆ, ಹೃದಯದೋಷವಿದೆ, ಸೊಟ್ಟಪಾದವಿದೆ. ಮೂತ್ರಾಂಗದ ದೋಷ ಒಂದೂ ಇಲ್ಲ.

ಇಂಥ ಮಗು ಹುಟ್ಟಿದಾಗ ಹೆರಿಗೆ ಕೋಣೆಯ ದಾದಿಯರು ಇಷ್ಟನ್ನಾದರೂ ನೆನಪಿಡಬೇಕು: ಹೊಕ್ಕುಳಬಳ್ಳಿಗೆ ಕ್ಲಿಪ್ ಹಾಕದೆ ದಾರದಿಂದ ಕಟ್ಟಬೇಕು, ತೆರೆದ ಮೂತ್ರಕೋಶದ ಮೇಲೆ ಹತ್ತಿಬಟ್ಟೆ ಹಾಕದೆ ಅಂಟದ ಶುದ್ಧ ಪ್ಲಾಸ್ಟಿಕ್ ಹಾಳೆ ಮುಚ್ಚಬೇಕು, ಮತ್ತು 72 ಗಂಟೆಗಳ ಲೆಕ್ಕ ಆ ಕ್ಷಣದಿಂದಲೇ ಆರಂಭವಾಯಿತೆಂದು ತಿಳಿದು ಮಗುವನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು.